‘ತಲೆದಂಡ’ ನಾಟಕದಲ್ಲಿ ಧರ್ಮ ಮತ್ತು ರಾಜ್ಯಾಧಿಕಾರ: ಒಂದು ವಿಮರ್ಶೆ

ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯನ್ನು ಕನ್ನಡದ ನಾಟಕಕಾರರು ಮತ್ತೆ ಮತ್ತೆ ಕೈಗೆತ್ತಿಕೊಂಡಿದ್ದಾರೆ. ಪಿ. ಲಂಕೇಶರ ‘ಸಂಕ್ರಾಂತಿ’ 1971ರಲ್ಲಿಯೂ, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ 1986ರಲ್ಲಿಯೂ, ಗಿರೀಶ ಕಾರ್ನಾಡರ ‘ತಲೆದಂಡ’ 1990ರಲ್ಲಿಯೂ ಬೆಳಕು ಕಂಡವು. ಈ ಮೂರರಲ್ಲಿ ‘ತಲೆದಂಡ’ವು ಕನ್ನಡನಾಡಿನ ಎಲ್ಲೆಯನ್ನು ದಾಟಿ ‘ರಕ್ತ ಕಲ್ಯಾಣ’ ಎಂಬ ಹೆಸರಿನಿಂದ ಹಿಂದಿಯಲ್ಲಿಯೂ, ಲೇಖಕರದೇ ಅನುವಾದದಲ್ಲಿ ಇಂಗ್ಲಿಷಿನಲ್ಲಿಯೂ ಪ್ರಚಾರಕ್ಕೆ ಬಂದಿತು. 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಈ ನಾಟಕದಲ್ಲಿ ಬಸವಣ್ಣನವರನ್ನು ಸಾಮಾನ್ಯ ಮನುಷ್ಯನಂತೆ ಚಿತ್ರಿಸಲಾಗಿದೆ, ಅವರ ಮಹಿಮೆಗೆ ಎಡೆಯಿಲ್ಲವಾಗಿದೆ ಎಂಬ ಆಕ್ಷೇಪಣೆ ನಮ್ಮ ಭಕ್ತವರ್ಗದಲ್ಲಿ ಹಿಂದಿನಿಂದಲೂ ಉಂಟು. ಆ ಆಕ್ಷೇಪಣೆಯಲ್ಲಿ ಸತ್ಯಾಂಶವೆಷ್ಟೆಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಈ ನಾಟಕವು ಎತ್ತುವ ಒಂದು ಪ್ರಶ್ನೆಯನ್ನು ನಾವು ಎದುರಿಸಬೇಕಾಗಿದೆ. ಧರ್ಮವು ರಾಜ್ಯಾಧಿಕಾರದೊಡನೆ ಬೆರೆತಾಗ ಧರ್ಮಕ್ಕೆ ಏನಾಗುತ್ತದೆ? ಮಠದ ನೆರಳಿನಲ್ಲಿ ಓದಿ ಬೆಳೆದವರಿಗೆ ಈ ಪ್ರಶ್ನೆ ದೂರದ್ದಲ್ಲ.

ಇತಿಹಾಸದ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯುವುದು ಉಚಿತ. ಕಳಚುರಿ ಬಿಜ್ಜಳನು ಚಾಲುಕ್ಯರ ಮಾಂಡಲಿಕನಾಗಿದ್ದು, ತನ್ನ ಒಡೆಯರ ದೌರ್ಬಲ್ಯವನ್ನು ಕಂಡು ಸಿಂಹಾಸನವನ್ನು ವಶಪಡಿಸಿಕೊಂಡವನು. ಅವನ ಭಂಡಾರಿಯಾಗಿದ್ದ ಬಸವಣ್ಣನವರು ಒಂದು ಕಡೆ ರಾಜ್ಯದ ಬೊಕ್ಕಸವನ್ನೂ ಇನ್ನೊಂದು ಕಡೆ ಶರಣಸಂಕುಲವನ್ನೂ ನಿರ್ವಹಿಸಿದರು. 1168ರ ಸುಮಾರಿಗೆ ಬಿಜ್ಜಳನ ಆಳಿಕೆ ರಕ್ತಪಾತದಲ್ಲಿ ಮುಗಿದು, ಮಗ ಸೋವಿದೇವನು ಪಟ್ಟಕ್ಕೆ ಬಂದನು. ಅನಂತರದ ಅರಸರು ಒಬ್ಬರ ಹಿಂದೆ ಒಬ್ಬರು ಬಂದುಹೋದರು. 1184ರ ವೇಳೆಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಕಲ್ಯಾಣವನ್ನು ಮರಳಿ ಪಡೆದನು. ಶರಣರನ್ನು ಚದುರಿಸಿದ ರಾಜ್ಯವು ತಾನು ಎರಡು ದಶಕಗಳ ಕಾಲವೂ ನಿಲ್ಲಲಿಲ್ಲ. ಚದುರಿಹೋದ ಶರಣರ ವಚನಗಳಾದರೋ ಇಂದಿಗೂ ಉಳಿದಿವೆ.

ಕಾರ್ನಾಡರು ಈ ನಾಟಕವನ್ನು ಬರೆದದ್ದು 1989ರ ಸುಮಾರಿನಲ್ಲಿ. ದೇಶದಲ್ಲಿ ಮಂದಿರ ಮತ್ತು ಮಂಡಲ ಎಂಬ ಎರಡು ವಿವಾದಗಳು ತಲೆಯೆತ್ತುತ್ತಿದ್ದ ಆ ಹೊತ್ತಿನಲ್ಲಿ ಶರಣರು ಎತ್ತಿದ ಪ್ರಶ್ನೆಗಳು ಎಷ್ಟು ಪ್ರಸ್ತುತವೆಂಬುದು ಮನವರಿಕೆಯಾಯಿತೆಂದು ಅವರೇ ತಿಳಿಸಿದ್ದಾರೆ. ಆದುದರಿಂದ ಇದು ಪುರಾಣದ ಪುನರ್ನಿರೂಪಣೆಯಲ್ಲ, ತಮ್ಮ ಕಾಲಕ್ಕೆ ಕಲ್ಯಾಣವನ್ನು ಸಾಕ್ಷಿಯಾಗಿ ಕರೆದ ಕೃತಿ. ಪುರಾಣದ ಅಳತೆಗೋಲಿನಿಂದ ಮಾತ್ರ ಇದನ್ನು ಅಳೆದರೆ ಲೇಖಕರಿಗೂ ಅನ್ಯಾಯ, ನಮಗೂ ನಷ್ಟ.

ನಾಟಕದ ಆರಂಭದಲ್ಲಿಯೇ ಭಂಡಾರದ ಪ್ರಸಂಗ ಬರುತ್ತದೆ. ಬಸವಣ್ಣನವರು ಊರಿನಲ್ಲಿಲ್ಲದ ಸಮಯದಲ್ಲಿ ಯುವರಾಜ ಸೋವಿದೇವನು ಲೆಕ್ಕಪತ್ರದ ತಪಾಸಣೆಯ ನೆಪದಿಂದ ಭಂಡಾರಕ್ಕೆ ನುಗ್ಗುತ್ತಾನೆ. ಬ್ರಾಹ್ಮಣ ಕುಲದಿಂದ ಬಂದು ಶರಣನಾದ ಯುವಕ ಜಗದೇವನ ಮುಂದಾಳುತನದಲ್ಲಿ ಶರಣರು ಭಂಡಾರವನ್ನು ಸುತ್ತುವರಿಯುತ್ತಾರೆ. ಕೊನೆಗೆ ನೋಡಿದರೆ ಒಂದು ಕಾಸೂ ಹೆಚ್ಚುಕಡಿಮೆಯಾಗಿಲ್ಲ. ಭಂಡಾರದ ಮೇಲಿನ ಅಪವಾದವೂ, ತಪಾಸಣೆಯಲ್ಲಿ ಅದು ಸುಳ್ಳಾದುದೂ ನಮ್ಮ ಪುರಾಣಗಳಲ್ಲಿಯೂ ಇದೆ. ಅಲ್ಲಿ ಅದು ಶಿವನ ಪವಾಡ. ನಾಟಕದಲ್ಲಿ ಜನರು ಅದನ್ನು ಪವಾಡವೆಂದು ಕೊಂಡಾಡುತ್ತಾರೆ, ಬಸವಣ್ಣನವರು ಮಾತ್ರ ಅದಕ್ಕೆ ನೊಂದುಕೊಳ್ಳುತ್ತಾರೆ. ಏಕೆಂದರೆ ಖಾಲಿಯಾಗಿದ್ದ ಬೊಕ್ಕಸ ಪವಾಡದಿಂದ ತುಂಬಿತೆಂದರೆ ಅದು ಒಮ್ಮೆ ಖಾಲಿಯಾಗಿತ್ತೆಂದು ಒಪ್ಪಿದಂತೆ ಆಗುತ್ತದೆ.

ಕೆಲವರಿಗೆ ಈ ಮಾರ್ಪಾಟು ಅಸಮಾಧಾನವನ್ನು ಉಂಟುಮಾಡಿದೆ. ನಮಗಾದರೋ ಇದು ನಾಟಕದ ಅತ್ಯಂತ ಅರ್ಥಪೂರ್ಣವಾದ ಭಾಗವೆಂದು ತೋರುತ್ತದೆ. ಒಂದು ದೊಡ್ಡ ರಾಜ್ಯದ ಬೀಗದ ಕೈ ತನ್ನ ಸೆರಗಿನಲ್ಲಿರುವಾಗ, ಮನೆಯ ಬಾಗಿಲಿಗೆ ಸಾವಿರಾರು ಜಂಗಮರು ದಾಸೋಹಕ್ಕಾಗಿ ಬಂದು ನಿಂತಿರುವಾಗ, ಧರ್ಮಕಾರ್ಯವೆಂಬ ಪವಿತ್ರವಾದ ನೆಪ ಕೈಯಲ್ಲಿಯೇ ಇರುವಾಗ, ರಾಜ್ಯದ ಹಣವನ್ನು ಮುಟ್ಟದೆ ಇರುವುದಕ್ಕಿಂತ ದೊಡ್ಡ ಪವಾಡ ಯಾವುದು? ಬಂಗಾರದ ಒಂದು ಎಳೆಯನ್ನೂ ತನಗೆಂದು ಬಯಸಲಿಲ್ಲವೆಂದು ಕೂಡಲಸಂಗನ ಮೇಲೆ ಆಣೆಯಿಟ್ಟು ಹೇಳುವ ಬಸವಣ್ಣನವರ ವಚನದ ಭಾವಕ್ಕೆ ಈ ದೃಶ್ಯ ಭಾಷ್ಯದಂತಿದೆ. ಬಸವಣ್ಣನವರು ಅಧಿಕಾರದಲ್ಲಿದ್ದರು, ಆದ್ದರಿಂದ ಧರ್ಮಕ್ಕೂ ಅಧಿಕಾರಕ್ಕೂ ವಿರೋಧವಿಲ್ಲ ಎಂದು ವಾದಿಸುವವರು ನಮ್ಮಲ್ಲಿ ಹಲವರು. ಅವರು ಈ ಎರಡು ಲೆಕ್ಕದ ಪುಸ್ತಕಗಳನ್ನು ಮರೆಯುತ್ತಾರೆ. ಅರಸನ ಲೆಕ್ಕವೇ ಬೇರೆ, ದಾಸೋಹದ ಲೆಕ್ಕವೇ ಬೇರೆ. ಅಧಿಕಾರದಲ್ಲಿದ್ದ ಧಾರ್ಮಿಕ ವ್ಯಕ್ತಿಗೂ ಅಧಿಕಾರವನ್ನು ತನ್ನ ಧರ್ಮಕ್ಕಾಗಿ ಬಳಸಿದ ವ್ಯಕ್ತಿಗೂ ನಡುವೆ ಇರುವ ಅಂತರ ಇದೇ ಆಗಿದೆ.

ಎರಡನೆಯದಾಗಿ ಬಿಜ್ಜಳನ ಪಾತ್ರವನ್ನು ಪರಿಶೀಲಿಸಬಹುದು. ಕಾರ್ನಾಡರ ಬಿಜ್ಜಳನು ಪುರಾಣದ ಶಿವದ್ರೋಹಿಯಲ್ಲ. ತನ್ನ ಪೂರ್ವಜರು ಕ್ಷೌರಿಕರೆಂಬ ನೋವು ಅವನನ್ನು ಸಿಂಹಾಸನದ ಮೇಲೆಯೂ ಬಿಡದು. ತನ್ನ ಹುಟ್ಟನ್ನು ಗಣನೆಗೆ ತಾರದೆ ತನ್ನ ಮುಖವನ್ನು ನೇರವಾಗಿ ನೋಡಿ ಮಾತನಾಡಿದವರು ಶರಣರು ಮಾತ್ರ ಎಂದು ಅವನು ರಾಣಿ ರಂಭಾವತಿಯ ಮುಂದೆ ಹೇಳಿಕೊಳ್ಳುತ್ತಾನೆ. ಆದುದರಿಂದಲೇ, ಬ್ರಾಹ್ಮಣ ಮಧುವರಸನ ಮಗಳು ಕಲಾವತಿಗೂ ಸಮಗಾರ ಹರಳಯ್ಯನ ಮಗ ಶೀಲವಂತನಿಗೂ ವಿವಾಹ ನಿಶ್ಚಯವಾದಾಗ, ಮೊದಲು ಅಂಜಿದರೂ ಕೊನೆಗೆ ಅವನು ಶರಣರಿಗೆ ರಕ್ಷಣೆಯನ್ನು ಕೊಡುತ್ತಾನೆ. ಅವನ ಸದ್ಭಾವದಲ್ಲಿ ಕಪಟವಿಲ್ಲ. ಆದರೂ ಆ ರಕ್ಷಣೆ ಎಷ್ಟು ಕಾಲ ನಿಂತಿತು? ಅವನ ಮಗನೇ ಅವನನ್ನು ಅರಮನೆಯಲ್ಲಿ ಸೆರೆಯಲ್ಲಿಟ್ಟ ದಿನದವರೆಗೆ. ಮರುದಿನದಿಂದ ಅದೇ ಸೈನಿಕರು, ಅದೇ ರಾಜಮುದ್ರೆ, ಅದೇ ಸೆರೆಮನೆ ಶರಣರ ವಿರುದ್ಧ ತಿರುಗಿದವು. ಹರಳಯ್ಯ ಮಧುವರಸರ ಕಣ್ಣುಗಳನ್ನು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತು.

ಅರಸನ ಪ್ರೀತಿಯನ್ನು ಆಶ್ರಯಿಸಿದ ಧರ್ಮವು ಅರಸನ ಆಯುಷ್ಯಕ್ಕಿಂತ ಹೆಚ್ಚು ಬಾಳುವ ಆಶ್ವಾಸನೆಯಿಲ್ಲ. ಒಳ್ಳೆಯ ದೊರೆಯ ಕಾಲದಲ್ಲಿ ಕಟ್ಟಿದ ಆಯುಧಶಾಲೆ ಕೆಟ್ಟ ದೊರೆಗೂ ದೊರೆಯುತ್ತದೆ. ಈ ತಿಳಿವನ್ನು ನಾಟಕವು ಉಪದೇಶದ ಮಾತಿನಿಂದ ಕೊಡುವುದಿಲ್ಲ, ಘಟನೆಗಳ ಸಹಜವಾದ ಓಟದಿಂದಲೇ ಮನಗಾಣಿಸುತ್ತದೆ.

ಇನ್ನು ಎದುರು ಪಕ್ಷದವರ ಕಡೆಗೆ ಬರೋಣ. ರಾಣಿಯ ಪುರೋಹಿತ ದಾಮೋದರಭಟ್ಟನೂ ರಾಜನ ಸಲಹೆಗಾರ ಮಂಚಣ್ಣ ಕ್ರಮಿತನೂ ತಮ್ಮ ಧರ್ಮವನ್ನು ರಕ್ಷಿಸಲು ಸೋವಿದೇವನ ಕೈಗೆ ಅಧಿಕಾರವನ್ನು ದೊರಕಿಸುತ್ತಾರೆ. ದಾಮೋದರಭಟ್ಟನು ಮೂಢನಲ್ಲ. ವರ್ಣವ್ಯವಸ್ಥೆಯ ಸಮರ್ಥನೆಯನ್ನು ಅವನು ಪಂಡಿತನ ನಯದಿಂದಲೇ ಮಾಡುತ್ತಾನೆ, ಲೇಖಕರು ಅವನ ವಾದಕ್ಕೆ ನ್ಯಾಯವಾದ ಅವಕಾಶವನ್ನು ಕೊಟ್ಟಿದ್ದಾರೆ. ಇದು ನಾಟಕಕಾರರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ವಾದದಿಂದ ಗೆಲ್ಲಬಹುದಾದುದನ್ನು ಅವನು ಖಡ್ಗದಿಂದ ಗೆಲ್ಲಲು ಹೊರಟ ಕ್ಷಣದಿಂದ ಅವನ ಪಾಂಡಿತ್ಯಕ್ಕೆ ಬೆಲೆಯಿಲ್ಲದಾಗುತ್ತದೆ. ಖಡ್ಗ ಹಿಡಿದವನಿಗೆ ಭಟ್ಟನ ವಾದ ಬೇಕಾಗಿಲ್ಲ, ಅವನ ಆಶೀರ್ವಾದದ ನೆಪವಷ್ಟೇ ಬೇಕು. ನಾಟಕದ ಕೊನೆಯಲ್ಲಿ ಸೋವಿದೇವನ ಪಟ್ಟಾಭಿಷೇಕದ ಮಂಗಲವಾದ್ಯದೊಡನೆ ಶರಣರನ್ನೂ ಪರದೇಶೀಯರನ್ನೂ ಸ್ವತಂತ್ರವಾಗಿ ಚಿಂತಿಸುವವರನ್ನೂ ನಾಡಿನಿಂದ ಹೊರಹಾಕುವ, ಸ್ತ್ರೀಯರನ್ನೂ ಕೆಳವರ್ಗದವರನ್ನೂ ಕಟ್ಟುಪಾಡಿಗೆ ತರುವ ಆಜ್ಞೆ ಹೊರಡುತ್ತದೆ. ಆ ಆಜ್ಞೆಯಲ್ಲಿ ದೇವರ ಹೆಸರಿರಬಹುದು, ಆದರೆ ಅಲ್ಲಿ ಕೇಳುವ ದನಿ ಹೆದರಿದ ಒಬ್ಬ ಅರಸನದು ಮಾತ್ರ.

ಇದು ಕಲ್ಯಾಣಕ್ಕೆ ಮಾತ್ರ ಸೀಮಿತವಾದ ಅನುಭವವಲ್ಲವೆಂಬುದಕ್ಕೆ ಪಶ್ಚಿಮದ ಒಂದು ನಿದರ್ಶನವನ್ನು ಕೊಡಬಹುದು. ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರು ಡಯೋಕ್ಲೀಷಿಯನ್ ಚಕ್ರವರ್ತಿಯ ಆಜ್ಞೆಯಿಂದ 303ರಲ್ಲಿ ಘೋರವಾದ ಹಿಂಸೆಗೆ ಗುರಿಯಾದರು. 313ರಲ್ಲಿ ಕಾನ್‌ಸ್ಟಂಟೈನನ ಕಾಲಕ್ಕೆ ಅವರಿಗೆ ಆಚರಣೆಯ ಸ್ವಾತಂತ್ರ್ಯ ದೊರೆಯಿತು. 380ರಲ್ಲಿ ಥಿಯೊಡೋಸಿಯಸನು ಅವರ ಮತವನ್ನೇ ರಾಜ್ಯದ ಮತವನ್ನಾಗಿ ಮಾಡಿದನು. 385ರ ಸುಮಾರಿಗೆ ಪ್ರಿಸಿಲಿಯನ್ ಎಂಬ ಕ್ರೈಸ್ತ ಬಿಷಪ್ಪನೇ ಪಾಷಂಡಿಯೆಂಬ ಅಪವಾದಕ್ಕೆ ಗುರಿಯಾಗಿ, ಕ್ರೈಸ್ತ ಅರಸನ ತೀರ್ಪಿನಿಂದ ತಲೆಯನ್ನು ಕಳೆದುಕೊಂಡನು. ಟೂರ್ಸ್ ನಗರದ ಸಂತ ಮಾರ್ಟಿನನು ಬೇಡವೆಂದು ಬೇಡಿಕೊಂಡರೂ ಫಲವಾಗಲಿಲ್ಲ. ಹಿಂಸೆಗೆ ಒಳಗಾಗಿದ್ದ ಮತವು ಹಿಂಸಿಸುವ ಮತವಾಗಲು ನೂರು ವರ್ಷಗಳೂ ಬೇಕಾಗಲಿಲ್ಲ. ಇದರಿಂದ ಆ ಮತದ ಮೂಲತತ್ತ್ವಕ್ಕೆ ಕುಂದೆಂದು ಹೇಳುವುದು ಸರಿಯಲ್ಲ. ಯಾವ ಮತವೇ ಆಗಲಿ, ಅದರ ಕೈಗೆ ದಂಡವನ್ನು ಕೊಟ್ಟರೆ ಒಂದು ದಿನ ಅದು ತನ್ನವರ ಮೇಲೆಯೇ ಬೀಸುತ್ತದೆ.

ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’ ನಾಟಕವನ್ನು ಈ ಸಂದರ್ಭದಲ್ಲಿ ಜೊತೆಗಿಟ್ಟು ನೋಡುವುದು ಉಪಯುಕ್ತ. ಅಲ್ಲಿ ಸುಲ್ತಾನನು ಧರ್ಮವನ್ನು ರಾಜತಂತ್ರದ ದಾಳವನ್ನಾಗಿ ಮಾಡುತ್ತಾನೆ. ಪ್ರಾರ್ಥನೆಯ ಹೊತ್ತು ಕೊಲೆಯ ಸಂಚಿಗೆ ಹೊಂದಿಕೊಳ್ಳುತ್ತದೆ. ಅನಂತರ ಪ್ರಾರ್ಥನೆಯೇ ನಿಷಿದ್ಧವಾಗುತ್ತದೆ. ಅದು ಮತ್ತೆ ಆರಂಭವಾಗುವುದು ಪವಿತ್ರ ಪುರುಷನ ವೇಷದಲ್ಲಿ ಬಂದ ಒಬ್ಬ ವಂಚಕನ ಕಾಲದಲ್ಲಿ. ‘ತುಘಲಕ್’ದಲ್ಲಿ ಅಧಿಕಾರವು ಧರ್ಮವನ್ನು ಕೆಡಿಸಿದರೆ, ‘ತಲೆದಂಡ’ದಲ್ಲಿ ಧರ್ಮನಿಷ್ಠರೆನಿಸಿದವರೇ ಅಧಿಕಾರದ ಬಳಿಗೆ ನಡೆದು ಹೋಗಿ ಕೆಡುತ್ತಾರೆ. ಎರಡನೆಯದು ಹೆಚ್ಚು ಸೂಕ್ಷ್ಮವಾದ ರೋಗ, ಏಕೆಂದರೆ ರೋಗಿಗೆ ತಾನು ಧರ್ಮವನ್ನು ಕಾಯುತ್ತಿದ್ದೇನೆಂಬ ಸಂತೋಷವಿರುತ್ತದೆ.

ಈ ರೋಗವು ದಾಮೋದರಭಟ್ಟನ ಪಕ್ಷಕ್ಕೆ ಮಾತ್ರ ತಗುಲಿತೆಂದು ಲೇಖಕರು ಹೇಳಿದ್ದರೆ ನಾಟಕವು ಒಂದು ಪ್ರಚಾರಕೃತಿಯಾಗುತ್ತಿತ್ತು. ಜಗದೇವನ ಪಾತ್ರದಿಂದ ಅದು ಪಾರಾಗಿದೆ. ಸಮಗಾರರ ಮಗ ಮಲ್ಲಿಬೊಮ್ಮನಿಗೆ ಪ್ರವೇಶವಿಲ್ಲದ ತನ್ನ ತಂದೆಯ ಮನೆಯೊಳಗೆ ತಾನೂ ಕಾಲಿಡೆನೆಂದು ನಿಂತ ಈ ಯುವಕನ ಸಮತಾನಿಷ್ಠೆ ನಿಜವಾದದ್ದು. ಆದರೆ ಭಂಡಾರವನ್ನು ಕಾಯ್ದ ಕೀರ್ತಿ ತನಗೆ ಸಲ್ಲದೆ ಬಸವಣ್ಣನವರ ಪವಾಡಕ್ಕೆ ಸಂದುದು ಅವನ ಮನಸ್ಸನ್ನು ಕೊರೆಯುತ್ತದೆ. ಕೊನೆಗೆ ಅವನು ಅರಮನೆಗೆ ನುಗ್ಗಿ, ಸೆರೆಯಲ್ಲಿರುವ, ಅಸಹಾಯನಾದ, ಶರಣರಿಗೆ ಒಮ್ಮೆ ನೆರಳಾಗಿದ್ದ ಬಿಜ್ಜಳನನ್ನು ಕೊಂದು ತಾನೂ ಪ್ರಾಣವನ್ನು ನೀಗುತ್ತಾನೆ. ಪುರಾಣಗಳು ಬಿಜ್ಜಳನ ವಧೆಯನ್ನು ಶಿವದ್ರೋಹಕ್ಕೆ ತಕ್ಕ ಶಾಸ್ತಿಯೆಂದು ಬಣ್ಣಿಸಿವೆ. ಕಾರ್ನಾಡರು ಅದನ್ನು ವೀರಕೃತ್ಯವೆಂದು ಕಾಣುವುದಿಲ್ಲ. ಆ ಒಂದು ಇರಿತದಿಂದ ಸೋವಿದೇವನಿಗೆ ಶರಣರ ಮಾರಣಹೋಮಕ್ಕೆ ಬೇಕಾಗಿದ್ದ ಕಾರಣವು ದೊರೆಯುತ್ತದೆ. ಅಹಿಂಸೆಯನ್ನು ತಮ್ಮ ದಯಾಧರ್ಮದ ತಿರುಳಾಗಿಸಿಕೊಂಡ ಬಸವಣ್ಣನವರ ಹಾದಿಯಿಂದ ನೋಡಿದಾಗ ನಾಟಕಕಾರರ ತೀರ್ಪೇ ಸರಿಯಾದುದೆಂದು ನಮ್ಮ ಅಭಿಪ್ರಾಯ. ಪುರಾಣವನ್ನು ಗೌರವಿಸುವುದೆಂದರೆ ಅದರ ಕಾಲದ ಎಲ್ಲ ಕೋಪವನ್ನೂ ನಮ್ಮದಾಗಿಸಿಕೊಳ್ಳುವುದೆಂದು ಅರ್ಥವಲ್ಲ.

ಇಷ್ಟರಮಟ್ಟಿಗೆ ನಾಟಕದ ಗುಣಪಕ್ಷವನ್ನು ಹೇಳಿದ ಮೇಲೆ ಅದರ ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾಗುತ್ತದೆ. ಬಸವಣ್ಣನವರನ್ನು ಸಂದೇಹಪಡುವ, ನೋಯುವ ಮನುಷ್ಯರನ್ನಾಗಿ ಚಿತ್ರಿಸಿದುದು ದೋಷವಲ್ಲ. ವಚನಗಳಲ್ಲಿಯೇ ಅವರು ತಮ್ಮ ಮನಸ್ಸಿನ ಚಾಂಚಲ್ಯವನ್ನು ಎಷ್ಟೋ ಸಲ ತೋಡಿಕೊಂಡಿದ್ದಾರೆ. ದೋಷವಿರುವುದು ಬೇರೆ ಕಡೆ. ಈ ನಾಟಕದಲ್ಲಿ ಶರಣರು ಮಾತನಾಡುತ್ತಾರೆ, ವಾದಿಸುತ್ತಾರೆ, ಸಾಯುತ್ತಾರೆ. ಅವರು ದುಡಿಯುವುದನ್ನೂ ಪೂಜಿಸುವುದನ್ನೂ ಹಂಚಿ ಉಣ್ಣುವುದನ್ನೂ ನಾವು ಕಾಣುವುದು ಬಹಳ ಕಡಿಮೆ. ಇಷ್ಟಲಿಂಗ, ಕಾಯಕ, ದಾಸೋಹ ಎಂಬ ಮೂರು ಕಂಬಗಳ ಮೇಲೆ ನಿಂತ ಮನೆಯನ್ನು ಕಾರ್ನಾಡರು ಅದರ ಜಗಲಿಯಿಂದ ನೋಡಿದ್ದಾರೆ, ಒಳಗೆ ಬಂದು ನೋಡಿಲ್ಲ. ಆದುದರಿಂದ ಕಲ್ಯಾಣವು ಕೇವಲ ಒಂದು ಸೋಲಿನಂತೆ ಕಾಣುತ್ತದೆ. ಅರಸನ ಆಶ್ರಯ ತಪ್ಪಿದ ಮೇಲೂ ಶರಣಧರ್ಮವು ಉಳಿದು ಹರಡಿದ್ದು ಹೇಗೆಂಬ ಪ್ರಶ್ನೆಗೆ ನಾಟಕದಲ್ಲಿ ಉತ್ತರವಿಲ್ಲ.

ಆ ಉತ್ತರವು ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆಯಲ್ಲಿದೆ. ಮಾರಯ್ಯನ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಇಂಥ ಆಸೆ ದೊರೆಗಳಿಗೆ ಸಲ್ಲುವುದೇ ಹೊರತು ಶಿವಭಕ್ತರಿಗೆ ತಕ್ಕುದಲ್ಲವೆಂಬುದು ಅವಳ ವಚನದ ಅಭಿಪ್ರಾಯ. ಆ ಅಂಗಳ ಯಾರದು? ಕಲ್ಯಾಣರಾಜ್ಯದ ಭಂಡಾರಿಯದು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಆದರೂ ಕಾಯಕದ ಅಳತೆಯನ್ನು ಮೀರಿದ ಒಂದು ಹಿಡಿಯನ್ನೂ ಆ ತಾಯಿ ಒಲ್ಲೆನೆಂದಳು. ಧರ್ಮವು ಅಧಿಕಾರದ ಹಂಗಿನಿಂದ ದೂರವಿರಬೇಕಾದರೆ ಅದರ ಅಡುಗೆಮನೆ ಸ್ವತಂತ್ರವಾಗಿರಬೇಕು. ಕಲ್ಯಾಣವು ಬಿದ್ದ ಮೇಲೆ ಉಳವಿಯ ಕಡೆಗೂ ನಾಡಿನ ನಾನಾ ದಿಕ್ಕುಗಳಿಗೂ ಹೋದ ಶರಣರು ತಮ್ಮೊಡನೆ ಒಯ್ದದ್ದು ಈ ಕಾಯಕವನ್ನು, ಕೊರಳಿನ ಲಿಂಗವನ್ನು, ವಚನದ ಕಟ್ಟುಗಳನ್ನು. ಸೋವಿದೇವನ ಭಂಡಾರದಲ್ಲಿ ಅವರದೇನೂ ಇರಲಿಲ್ಲ. ಆದುದರಿಂದ ಅವನು ಕಸಿದುಕೊಳ್ಳಬಹುದಾದುದೂ ಏನೂ ಇರಲಿಲ್ಲ. ಲಕ್ಕಮ್ಮನ ಮನೆಯ ಒಂದು ದೃಶ್ಯವಿದ್ದಿದ್ದರೆ ‘ತಲೆದಂಡ’ವು ಇನ್ನೂ ಎತ್ತರದ ಕೃತಿಯಾಗುತ್ತಿತ್ತು.

ನಾಟಕದ ವಿಮರ್ಶೆಯನ್ನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಸಾಹಿತ್ಯವು ನಮಗೆ ಹಿಡಿದ ಕನ್ನಡಿಯಲ್ಲಿ ಇತರರ ಮುಖವನ್ನು ಮಾತ್ರ ನೋಡಿ ಹೊರಡುವುದು ಸಲ್ಲದು.

ಕಲ್ಯಾಣವನ್ನು ಕುರಿತ ಪುಸ್ತಕಗಳ ವಿಷಯದಲ್ಲಿಯೇ ನಮ್ಮ ಸಮಾಜವು ಹೇಗೆ ನಡೆದುಕೊಂಡಿದೆ? ‘ಮಹಾಚೈತ್ರ’ವು ಪಠ್ಯವಾಗಿದ್ದಾಗ ಅದನ್ನು ತೆಗೆಸಬೇಕೆಂಬ ಕೂಗೆದ್ದಿತು. ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು 1997ರಲ್ಲಿ ರಾಜ್ಯ ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶರಣರ ಪವಿತ್ರ ಸ್ಮೃತಿಗೆ ನೋವಾಯಿತೆಂದು ಮರುಗಿದವರ ಭಾವನೆ ನಮಗೆ ಅರ್ಥವಾಗುತ್ತದೆ. ಆದರೆ ಮರುವರ್ಷ ಏನಾಯಿತೆಂಬುದನ್ನೂ ನೆನೆಯಬೇಕು. 1998ರಲ್ಲಿ ಅದೇ ಸರಕಾರಿ ಲೇಖನಿಯು ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯನ್ನೂ ಮುಟ್ಟುಗೋಲು ಹಾಕಿತು. ವಚನದ ಅಂಕಿತವನ್ನು ‘ಲಿಂಗದೇವ’ ಎಂದು ಬದಲಾಯಿಸಿದುದು ಅದಕ್ಕೆ ಕಾರಣ. 2017ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನೂ ಎತ್ತಿಹಿಡಿಯಿತು. ಅಂಕಿತವನ್ನು ಬದಲಿಸಿದುದು ತಪ್ಪೆಂದು ನಾವೂ ಎಣಿಸುತ್ತೇವೆ. ಅದನ್ನು ತಪ್ಪೆಂದು ಹೇಳಬೇಕಾದವರು ವಿದ್ವಾಂಸರು, ಶರಣರು, ಭಕ್ತರು. ಒಬ್ಬ ಕಾದಂಬರಿಕಾರನ ಪುಸ್ತಕವನ್ನು ಮುಚ್ಚಲು ಕರೆದ ಕೈ ಪೀಠಸ್ಥರ ಪುಸ್ತಕವನ್ನೂ ಮುಚ್ಚಿತು. ವಚನದ ಪಾಠ ಯಾವುದು ಶುದ್ಧವೆಂಬ ಪ್ರಶ್ನೆ ಅನುಭವಮಂಟಪದಿಂದ ಸಚಿವಾಲಯಕ್ಕೆ ಹೋಗಿ ಕುಳಿತಿತು.

2018ರ ಮಾರ್ಚಿಯಲ್ಲಿ, ಚುನಾವಣೆಯ ಹೊಸ್ತಿಲಿನಲ್ಲಿ, ನಮ್ಮ ಧರ್ಮದ ಸ್ವರೂಪವೇನೆಂಬ ಪ್ರಶ್ನೆಯೂ ಮಂತ್ರಿಮಂಡಲದ ಮೇಜಿಗೆ ಹೋಯಿತು. ಯಾರ ವಾದ ಸರಿಯೆಂಬುದು ಈ ಲೇಖನದ ವಿಷಯವಲ್ಲ. ಅಣ್ಣತಮ್ಮಂದಿರು ಮನೆಯಲ್ಲಿ ಕುಳಿತು ಬಿಡಿಸಬೇಕಾದ ಗಂಟನ್ನು ಮತಪೆಟ್ಟಿಗೆಯ ಪಕ್ಕದಲ್ಲಿಟ್ಟು ಬಿಡಿಸಹೋದರೆ ಗಂಟು ಬಿಗಿಯುತ್ತದೆಂಬುದನ್ನು ಮಾತ್ರ ಎರಡೂ ಕಡೆಯವರು ಕಂಡಿದ್ದಾರೆ. 2024ರ ಜನವರಿಯಲ್ಲಿ ರಾಜ್ಯ ಸರಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಸಂತೋಷವೇ. ಆದರೆ ಬಸವಣ್ಣನವರ ಹಿರಿಮೆ ಆಜ್ಞಾಪತ್ರದಿಂದ ಬಂದುದಲ್ಲ. ಬಂದುದಾಗಿದ್ದರೆ ಇನ್ನೊಂದು ಆಜ್ಞಾಪತ್ರದಿಂದ ಹೋಗಲೂಬಹುದಾಗಿತ್ತು.

ಮಠಗಳು ಸರಕಾರದಿಂದ ಏನನ್ನೂ ಪಡೆಯಬಾರದೆ ಎಂದು ಹಳೆಯ ವಿದ್ಯಾರ್ಥಿಗಳು ಕೇಳಬಹುದು. ಶಾಲೆಯ ಮಕ್ಕಳಿಗಾಗಿ, ಎಲ್ಲರಿಗೂ ಒಂದೇ ನಿಯಮದಿಂದ, ಲೆಕ್ಕಪರಿಶೋಧನೆಗೆ ಒಳಪಟ್ಟು ಬರುವ ಅನುದಾನವು ಪ್ರಜೆಗಳ ಹಕ್ಕು, ಅದರಲ್ಲಿ ಹಂಗಿಲ್ಲ. ಯಾವ ಮಠಕ್ಕೆ ಎಷ್ಟೆಂದು ಆಳುವವರ ಇಷ್ಟದಂತೆ ಬರುವ ಹಣದ ಸ್ವರೂಪವೇ ಬೇರೆ. ಅದನ್ನು ಪಡೆದ ಪೀಠವು ಆಳುವವರು ತಪ್ಪಿದ ದಿನ ಬಾಯಿ ತೆರೆಯಲಾರದು. ಧಾರವಾಡ ಮುರುಘಾಮಠದ ಲಿಂಗೈಕ್ಯ ಶ್ರೀ ಮೃತ್ಯುಂಜಯ ಸ್ವಾಮಿಗಳವರೂ ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳವರೂ ಬಡ ವಿದ್ಯಾರ್ಥಿಗಳ ಊಟಕ್ಕಾಗಿ ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿದವರು. ರೈತನು ಹಾಕಿದ ಜೋಳ, ರಾಗಿಗಳಿಂದ ಬೆಳೆದ ಪ್ರಸಾದನಿಲಯಗಳಿಗೆ ಯಾವ ಮಂತ್ರಿಯ ಮುಖವನ್ನೂ ನೋಡಬೇಕಾಗಿರಲಿಲ್ಲ. ಜೋಳಿಗೆಯಿಂದ ಮಠದ ಗೌರವವು ಎಂದೂ ಕುಗ್ಗಿಲ್ಲ.

‘ತಲೆದಂಡ’ವು ಭಕ್ತಿಕಾವ್ಯವಲ್ಲ. ಭಕ್ತನ ಹಸಿವನ್ನು ಅದು ಹಿಂಗಿಸಲಾರದು, ಅದಕ್ಕೆ ನಮ್ಮಲ್ಲಿ ವಚನಗಳಿವೆ, ರಗಳೆಗಳಿವೆ. ಆದರೆ ಭಕ್ತನು ಕೇಳಿಕೊಳ್ಳಲು ಹಿಂಜರಿಯುವ ಪ್ರಶ್ನೆಯೊಂದನ್ನು ಅದು ನಿರ್ದಾಕ್ಷಿಣ್ಯವಾಗಿ ಕೇಳಿದೆ. ಆದುದರಿಂದ ಅದನ್ನು ಸಿಟ್ಟಿಲ್ಲದೆ ಓದಬೇಕೆಂದೂ, ಓದಿದ ಮೇಲೆ ಲಕ್ಕಮ್ಮನ ವಚನವನ್ನು ತೆರೆದು ನೋಡಬೇಕೆಂದೂ ಸದ್ಭಕ್ತರಲ್ಲಿ ನಮ್ಮ ಸೂಚನೆ. ಅರಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಇಂದಿಗೂ ಬಿದ್ದಿದೆ. ಎಷ್ಟನ್ನು ಆಯ್ದುಕೊಳ್ಳಬೇಕು, ಎಷ್ಟನ್ನು ಅಲ್ಲಿಯೇ ಸುರಿದು ಬರಬೇಕೆಂಬ ವಿವೇಕವನ್ನು ಶ್ರೀಗುರುವು ನಮಗೆಲ್ಲರಿಗೂ ಕರುಣಿಸಲಿ.